ರಸಾಯನಶಾಸ್ತ್ರ ಬಿಡುವ ಮುನ್ನ ಇನ್ನೊಂದು ಬಾಗಿಲು ತಟ್ಟಲಿ

ಅತ್ತಿಗೆ, ನಮ್ಮ ಮನೆಯವರ ಗುಂಪಿನಲ್ಲಿ ನಿಮ್ಮ ಸಂದೇಶವನ್ನೂ ಅದರ ಹಿಂದೆಯೇ ಬಂದ ಸಲಹೆಗಳನ್ನೂ ಈಗಷ್ಟೇ ಕೇಳಿದೆ. ಅಮೆರಿಕದಲ್ಲಿ ಮೊದಲ ಸೆಮಿಸ್ಟರ್ ಶುರುವಾಗಿ ವಾರವಾಗಿಲ್ಲ, ಮಗಳು ಆಗಲೇ ರಸಾಯನಶಾಸ್ತ್ರಕ್ಕೆ ಹೆದರಿದ್ದಾಳೆ. ಬೇಕಾದ ಕ್ಯಾಲ್ಕುಲಸ್‌ನಲ್ಲಿ ಸೀಟಿಲ್ಲ, ವೇಟ್‌ಲಿಸ್ಟ್‌ನಲ್ಲಿದ್ದಾಳೆ. ಕೋರ್ಸುಗಳ ಬಗ್ಗೆ ಸಲಹೆ ಕೊಡುವ ಅಡ್ವೈಸರ್ ‘ಕಷ್ಟವಾದರೆ ಬಿಡಬಹುದು’ ಎಂದಿದ್ದಾರೆ, ಮಾವನೂ ಅದನ್ನೇ ಅನುಮೋದಿಸಿದ್ದಾರೆ. ಮಾವ, ಕೋಪ ಮಾಡಿಕೊಳ್ಳಬೇಡಿ, ಈ ವಿಷಯದಲ್ಲಿ ಅವಸರ ಬೇಡ.

ಅಡ್ವೈಸರ್ ಹೇಳಿದ್ದು ಓದಿನ ಮಟ್ಟಿಗೆ ಸರಿ. ಆದರೆ ಅವರು ನೋಡುವುದು ಪದವಿಯ ಲೆಕ್ಕವನ್ನು. ವೀಸಾದ ಲೆಕ್ಕ ನೋಡುವವರು ಬೇರೆ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿರುವ ಡಿಎಸ್‌ಒ (ಡೆಸಿಗ್ನೇಟೆಡ್ ಸ್ಕೂಲ್ ಅಫಿಷಿಯಲ್) ಎಂಬ ಅಧಿಕಾರಿ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಪದವಿ ಓದುವವರು ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ (ಕೋರ್ಸುಗಳ ಗಾತ್ರದ ಲೆಕ್ಕ) ತೆಗೆದುಕೊಂಡಿರಬೇಕು. ಅವಳ ಹತ್ತಿರ ಈಗಿರುವುದು 13. ರಸಾಯನಶಾಸ್ತ್ರದ 4 ಹೋದರೆ ಉಳಿಯುವುದು 9. ವೇಟ್‌ಲಿಸ್ಟ್‌ನಲ್ಲಿರುವ ಕೋರ್ಸು ಲೆಕ್ಕಕ್ಕೆ ಬರುವುದಿಲ್ಲ. ಆನ್‌ಲೈನ್ ಕೋರ್ಸುಗಳಿಂದ ತುಂಬಿಸಿಕೊಳ್ಳಲಿ ಎಂದು ಇಲ್ಲೇ ಯಾರೋ ಹೇಳಿದರಲ್ಲ, ಪೂರ್ತಿ ಆನ್‌ಲೈನ್ ಆದರೆ ಒಂದೇ ಕೋರ್ಸು, ಅಂದರೆ 3 ಕ್ರೆಡಿಟ್ ಮಾತ್ರ ಆ ಹನ್ನೆರಡರಲ್ಲಿ ಸೇರುತ್ತದೆ. ಅಡ್ವೈಸರ್ ಮತ್ತು ಡಿಎಸ್‌ಒ ಕಚೇರಿಗಳು ಒಂದನ್ನೊಂದು ಕೇಳಿಕೊಂಡೇ ಸಲಹೆ ಕೊಡುತ್ತವೆ ಎಂದು ನಂಬಿಕೊಂಡು ಕೂರಬೇಡಿ.

ನಿಜಕ್ಕೂ ಬಿಡಲೇಬೇಕಾದರೆ ದಾರಿ ಇಲ್ಲದಿಲ್ಲ. ಇಂಗ್ಲಿಷಿನ ಆರಂಭದ ತೊಡಕು, ಅಲ್ಲಿನ ಬೋಧನಾ ಕ್ರಮದ ಅಪರಿಚಯ, ತಪ್ಪು ಹಂತದ ಕೋರ್ಸಿಗೆ ಸೇರಿರುವುದು, ಇವುಗಳನ್ನು ನಿಯಮವೇ ಕಾರಣಗಳೆಂದು ಒಪ್ಪುತ್ತದೆ. ಆಗ ಡಿಎಸ್‌ಒ ಅನುಮತಿಯಿಂದ ಕಡಿಮೆ ಕ್ರೆಡಿಟ್‌ನಲ್ಲಿ ಓದಬಹುದು, ಆದರೂ 6ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಅನುಮತಿ ಮೊದಲು, ಬಿಡುವುದು ಆಮೇಲೆ. ಈ ಸೌಲಭ್ಯ ಒಂದು ಹಂತದ ಓದಿಗೆ ಒಂದೇ ಸಲ ಸಿಗುವುದರಿಂದ ಮೊದಲ ವಾರದ ಗಾಬರಿಗೆ ಅದನ್ನು ಖರ್ಚು ಮಾಡುವುದು ನನಗೆ ಇಷ್ಟವಿಲ್ಲ.

ಅದಕ್ಕಿಂತ ಕೋರ್ಸು ಬದಲಿಸಿಕೊಳ್ಳುವುದು ಮೇಲು. ಆರಂಭದ ಹಂತದ ರಸಾಯನಶಾಸ್ತ್ರವಿದ್ದರೆ ಅದಕ್ಕೆ, ಇಲ್ಲವೆಂದರೆ ಪದವಿಗೆ ಹೇಗೂ ಬೇಕಾಗುವ ಬೇರೆ ಯಾವುದಾದರೂ ಕೋರ್ಸಿಗೆ ಹೋಗಲಿ. ಹೊಸದರಲ್ಲಿ ಸೀಟು ಖಚಿತವಾದ ಮೇಲೆಯೇ ಹಳೆಯದನ್ನು ಬಿಡಲಿ. ಕೋರ್ಸು ಬದಲಿಸಲು, ಬಿಡಲು ಕೊನೆಯ ದಿನ ಯಾವುದೆಂದು ವಿಶ್ವವಿದ್ಯಾಲಯದ ಶೈಕ್ಷಣಿಕ ಕ್ಯಾಲೆಂಡರಿನಲ್ಲಿ ಇಂದೇ ನೋಡಲಿ. ಆ ದಿನದೊಳಗೆ ಬಿಟ್ಟರೆ ಸಾಮಾನ್ಯವಾಗಿ ಅಂಕಪಟ್ಟಿಯಲ್ಲಿ ಗುರುತೂ ಉಳಿಯುವುದಿಲ್ಲ. ಆಮೇಲಾದರೆ ಅಂಕಪಟ್ಟಿಯಲ್ಲಿ ‘ಡಬ್ಲ್ಯೂ’ (ಕೋರ್ಸು ಬಿಟ್ಟಿದ್ದರ ಗುರುತು) ಬೀಳುತ್ತದೆ, ಶುಲ್ಕವೂ ಪೂರ್ತಿ ವಾಪಸ್ ಬರದಿರಬಹುದು.

ಕ್ಯಾಲ್ಕುಲಸ್ ವಿಷಯ: ಸೀಟು ಖಾಲಿಯಾದರೆ ವಿಶ್ವವಿದ್ಯಾಲಯದ ಇಮೇಲಿಗೆ ಸುದ್ದಿ ಬರುತ್ತದೆ, ಹಲವು ಕಡೆ ಗಡುವಿನೊಳಗೆ ಒಪ್ಪಿಕೊಳ್ಳದಿದ್ದರೆ ಮುಂದಿನವರಿಗೆ ಹೋಗುತ್ತದೆ. ವಾಟ್ಸ್ಆ್ಯಪ್ ನೋಡುವಷ್ಟು ಶ್ರದ್ಧೆಯಿಂದ ಆ ಇಮೇಲ್ ನೋಡಲಿ! ಪ್ರಾಧ್ಯಾಪಕರನ್ನು ಕೇಳಿಕೊಂಡು ತರಗತಿಗೂ ಹೋಗಿ ಕೂರಲಿ. ತುಂಬಿದ ತರಗತಿಗೆ ಸೇರಿಸುವ ಅಧಿಕಾರ ಬಹಳ ಕಡೆ ಅವರದ್ದು ಅಥವಾ ವಿಭಾಗದ್ದು, ಅಡ್ವೈಸರ್‌ದಲ್ಲ.

ಅಡ್ವೈಸರ್ ಬಳಿ ‘ಏನು ಮಾಡಲಿ’ ಎಂದು ಕೈಬೀಸಿಕೊಂಡು ಹೋಗದಿರಲಿ. ಯಾವ ಕೋರ್ಸಿನ ಬದಲು ಯಾವುದು, ಸಮಯ ಹೊಂದುತ್ತದೆಯೇ, ಪೂರ್ವಾರ್ಹತೆ ಇದೆಯೇ ಎಂದು ಎರಡು ಪಟ್ಟಿ ಬರೆದುಕೊಂಡು ಹೋದರೆ ಅರ್ಧ ಗಂಟೆಯ ಭೇಟಿ ಸಾರ್ಥಕವಾಗುತ್ತದೆ. ಅಲ್ಲಿ ಒಪ್ಪಿದ್ದನ್ನು ಡಿಎಸ್‌ಒಗೆ ತೋರಿಸಿ, ಆಮೇಲೆಯೇ ಬಟನ್ ಒತ್ತಲಿ.

ಅಣ್ಣ, ನೀವೇ ಅಡ್ವೈಸರ್‌ಗೆ ಇಮೇಲ್ ಬರೆಯುತ್ತೇನೆ ಎಂದಿರಲ್ಲ, ಬೇಡ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆ ಕಾಯುವ 1974ರ ಫೆರ್ಪಾ ಎಂಬ ಅಮೆರಿಕದ ಕಾನೂನಿನ ಪ್ರಕಾರ ಕಾಲೇಜು ಸೇರಿದ ಮೇಲೆ ದಾಖಲೆಗಳ ಹಕ್ಕು ವಿದ್ಯಾರ್ಥಿಯದು. ಅವಳ ಲಿಖಿತ ಒಪ್ಪಿಗೆ ಇಲ್ಲದೆ ನಿಮಗೆ ಸಿಗುವುದು ವಿನಯದ ನಿರಾಕರಣೆಯಷ್ಟೇ. ಡಿಎಸ್‌ಒಗೆ ಬರೆಯುವ ಪತ್ರದ ಕರಡನ್ನು ಬೇಕಿದ್ದರೆ ನನಗೆ ಕಳುಹಿಸಲಿ, ರಾತ್ರಿ ನೋಡಿಕೊಡುತ್ತೇನೆ. ಕಳುಹಿಸುವುದು ಮಾತ್ರ ಅವಳೇ, ವಿಶ್ವವಿದ್ಯಾಲಯದ ಇಮೇಲಿನಿಂದ, ವಿದ್ಯಾರ್ಥಿ ಸಂಖ್ಯೆ ಸಹಿತ.