ಅಪ್‌ಡೇಟ್: ಸ್ಯಾನ್ ಡಿಯಾಗೊ ಕಾನ್ಫರೆನ್ಸ್ ಮನೆಯಿಂದಲೇ ನೋಡಿದೆ

ಪ್ರತಿ ಜುಲೈನಲ್ಲಿ ಸ್ಯಾನ್ ಡಿಯಾಗೊದಲ್ಲಿ ನಡೆಯುವ ಎಸ್ರಿ (ಕಂಪ್ಯೂಟರಲ್ಲಿ ನಕ್ಷೆ ಮಾಡುವ ಸಾಫ್ಟ್‌ವೇರ್ ಕಂಪನಿ) ಯೂಸರ್ ಕಾನ್ಫರೆನ್ಸ್‌ಗೆ ಬೆಂಗಳೂರಿಂದ ಅಷ್ಟು ಖರ್ಚು ಮಾಡಿ ಹೋಗಬೇಕಾ ಅಂತ ಹಿಂದೆ ಇಲ್ಲಿ ಕೇಳಿದ್ದೆ, ಹೋಗಲಿಲ್ಲ. ಆಫೀಸಿನವರು ದುಡ್ಡು ಕೊಡಲಿಲ್ಲ, ಅಷ್ಟೇ. ಆನ್‌ಲೈನಲ್ಲಿ ನೋಡಿದೆ. ಅಲ್ಲಿ ಬೆಳಗ್ಗೆ 8:30 ಅಂದ್ರೆ ನಮಗೆ ರಾತ್ರಿ 9, ಊಟ ಮುಗಿಸಿ ಕೂತರೆ ಆಯ್ತು.

ಮೊದಲ ದಿನದ ದೊಡ್ಡ ಸಭೆ ನೋಡಲು ಚಂದ, ಆದ್ರೆ ಜಾಸ್ತಿ ಹೊಸ ಸಾಫ್ಟ್‌ವೇರ್ ತೋರಿಸುವುದೇ. ಆಗ ನಿಮ್ಮಲ್ಲಿ ಕೆಲವರು ಹೇಳಿದ ಹಾಗೆ ಟೆಕ್ನಿಕಲ್ ಸೆಷನ್‌ಗಳೇ ಕೆಲಸಕ್ಕೆ ಬಂದವು. ನನ್ನ ತಲೆನೋವು ಏನಂದ್ರೆ, ನಕ್ಷೆಯಲ್ಲಿ ಒಂದೇ ಕೆರೆ ಎರಡು ಜಾಗದಲ್ಲಿ ಬರುತ್ತಿತ್ತು: ಹಳೇ ಟೋಪೋಶೀಟಿನ (ಸರ್ವೆ ನಕ್ಷೆಯ) ಕೆರೆ ಒಂದು ಕಡೆ, ಜಿಪಿಎಸ್ ಹಿಡಿದು ಗುರುತಿಸಿದ ಕೆರೆ ಏರಿ ಇನ್ನೊಂದು ಕಡೆ. ಹಳೇ ಶೀಟುಗಳು ಎವರೆಸ್ಟ್ ಡೇಟಮ್‌ನಲ್ಲಿ (ಡೇಟಮ್ ಅಂದ್ರೆ ಅಕ್ಷಾಂಶ-ರೇಖಾಂಶ ಅಳೆಯಲು ಆಧಾರವಾಗಿ ಇಟ್ಟುಕೊಂಡ ಭೂಮಿಯ ಮಾದರಿ), ಜಿಪಿಎಸ್ ಡಬ್ಲ್ಯೂಜಿಎಸ್ 84ರಲ್ಲಿ. ಮಧ್ಯೆ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಸರಿಯಾದ ಟ್ರಾನ್ಸ್‌ಫರ್ಮೇಶನ್ ಆರಿಸದಿದ್ದರೆ ಕೆರೆ ಪಕ್ಕದ ಲೇಔಟಿಗೆ ಹೋಗಿ ಕೂರುತ್ತದೆ! ಈಗ ಎರಡೂ ಕೂಡಿಕೊಂಡಿವೆ. ಜೊತೆಗೆ ಯುಟಿಎಂ ವಲಯವನ್ನೂ (ನಕ್ಷೆಗಾಗಿ ಭೂಮಿಯನ್ನು ಉದ್ದುದ್ದ ಪಟ್ಟಿಗಳಾಗಿ ಹಂಚಿ ಕೊಟ್ಟ ನಂಬರು) ನೋಡಿಕೊಳ್ಳಿ, ಬೆಂಗಳೂರು 43ರಲ್ಲಿ ಬರುತ್ತದೆ, 78 ಡಿಗ್ರಿ ರೇಖಾಂಶ ದಾಟಿದ ಕೋಲಾರ 44ರಲ್ಲಿ.

ದುಡ್ಡಿಲ್ಲದೆ ಆಗುತ್ತಾ ಅಂತ ಕೇಳಿದ್ದವರಿಗೆ: ಇದನ್ನೆಲ್ಲ ಕ್ಯೂಜಿಐಎಸ್ ಅನ್ನೋ ಉಚಿತ ನಕ್ಷೆ ಸಾಫ್ಟ್‌ವೇರ್‌ನಲ್ಲೂ ಪುಕ್ಕಟೆ ಮಾಡಬಹುದು. ಕಾನ್ಫರೆನ್ಸ್‌ಗೆ ಹೋಗದೆ ನನಗೆ ತಪ್ಪಿಹೋದದ್ದು ಮ್ಯಾಪ್ ಗ್ಯಾಲರಿ ಒಂದೇ, ಗೋಡೆ ತುಂಬ ತೂಗುಹಾಕಿದ ನಕ್ಷೆಗಳನ್ನು ಲ್ಯಾಪ್‌ಟಾಪಲ್ಲಿ ನೋಡಿದರೆ ಏನೂ ಸುಖವಿಲ್ಲ.