ಮನೆಮಂದಿ ಗುಂಪು: ದೆಹಲಿಯ ಡಿಸೈರ್ ಕೊಳ್ಳಬೇಕೇ?

ತಮ್ಮ: ಮೇಲೆ ಹಾಕಿರುವ ಜಾಹೀರಾತನ್ನು ಎಲ್ಲರೂ ದಯವಿಟ್ಟು ನೋಡಿ. 2015ರ ಮಾರುತಿ ಡಿಸೈರ್ ಕಾರು, ಝಡ್‌ಡಿಐ ಮಾದರಿ, ಡೀಸೆಲ್, ದೆಹಲಿ ನೋಂದಣಿ, ಒಬ್ಬರೇ ಮಾಲೀಕರು, ಓಡಿರುವುದು 48,000 ಕಿ.ಮೀ., ಬೆಲೆ 2.80 ಲಕ್ಷ. ನನ್ನ ಕೈಯಲ್ಲಿರುವುದು ಒಟ್ಟು 3 ಲಕ್ಷ. ಇಲ್ಲೇ ಹಾಸನದಲ್ಲಿ ಅಷ್ಟೇ ಹಣಕ್ಕೆ ನೋಡಿಬಂದ 2014ರ ವ್ಯಾಗನ್‌ಆರ್‌ಗಿಂತ ಇದೇ ಮೇಲೆಂದು ತೋರುತ್ತದೆ. ಭಾನುವಾರ ಮುಂಗಡ ಕೊಡಬೇಕೆಂದಿದ್ದೇನೆ.

ಶಿವಮೊಗ್ಗ ಮಾವ: ಅದು ಇಷ್ಟು ಅಗ್ಗವಾಗಿ ಏಕೆ ಸಿಗುತ್ತಿದೆ ಎಂದು ಮೊದಲು ಕೇಳಿಕೊ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಂದಿನಿಂದ ಅಲ್ಲಿನ ಕಾರುಗಳು ದಕ್ಷಿಣಕ್ಕೆ ಹರಿದುಬರುತ್ತಿವೆ.

ಚಿಕ್ಕಪ್ಪ: ಭಾವನವರೇ, ನೀವು ಹೇಳಿದ್ದು ಹುಡುಗನ ಪರವಾದ ಮಾತೇ ಆಯಿತಲ್ಲ! ಬೆಲೆ ಇಳಿದಿರುವುದು ನ್ಯಾಯಾಲಯದ ಆದೇಶದಿಂದಲೇ ಹೊರತು ಕಾರಿನ ದೋಷದಿಂದಲ್ಲ. ಬಯಲುಸೀಮೆಯ ಡಾಂಬರು ರಸ್ತೆಯಲ್ಲಿ ಓಡಿದ ಗಾಡಿ ನಮ್ಮ ಮಲೆನಾಡಿನ ಹೊಂಡಗಳಲ್ಲಿ ಕುಲುಕಿದ ಗಾಡಿಗಿಂತ ಚೆನ್ನಾಗಿರುವ ಸಾಧ್ಯತೆಯೂ ಇದೆ.

ಶಿವಮೊಗ್ಗ ಮಾವ: ಒಪ್ಪುತ್ತೇನೆ, ಆದರೆ ಆ ಲಾಭವನ್ನು ನಮ್ಮ ತೆರಿಗೆ ನುಂಗಿಬಿಡುತ್ತದೆ. ಹೊರರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯೇ ಮರುನೋಂದಣಿ ಮಾಡಿಸಿ, ಕರ್ನಾಟಕದ ಆಜೀವ ತೆರಿಗೆಯನ್ನು ಕಟ್ಟಬೇಕು. ಆ ತೆರಿಗೆಯನ್ನು ನೀನು ಈಗ ಕೊಡುವ 2.80 ಲಕ್ಷದ ಮೇಲೆ ಹಾಕುವುದಿಲ್ಲ, ಹೊಸದಾಗಿದ್ದಾಗಿನ ಬೆಲೆಯನ್ನು ಹಿಡಿದು ವಯಸ್ಸಿಗೆ ತಕ್ಕಷ್ಟು ರಿಯಾಯಿತಿ ಕಳೆದು ಲೆಕ್ಕ ಹಾಕುತ್ತಾರೆ. ಅದರ ಜೊತೆಗೆ ದೆಹಲಿಯ ಸಾರಿಗೆ ಕಚೇರಿಯಿಂದ 28ನೇ ನಮೂನೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು, ಸಾಲವಿದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಸಹಿಯುಳ್ಳ 35ನೇ ನಮೂನೆಯೂ ಬೇಕು.

ತಮ್ಮ: ಕಾಗದಪತ್ರವನ್ನೆಲ್ಲ ತಾವೇ ಮಾಡಿಸಿಕೊಡುವುದಾಗಿ ಡೀಲರ್ ಹೇಳಿದ್ದಾರೆ, ಮಾವ.

ಶಿವಮೊಗ್ಗ ಮಾವ: ಹಾಗಾದರೆ ಕೆಎ ನಂಬರಿನ ಆರ್‌ಸಿ (ನೋಂದಣಿ ಪತ್ರ) ನಿನ್ನ ಹೆಸರಿಗೆ ಬಂದ ದಿನವೇ ಪೂರ್ತಿ ಹಣ ಕೊಡುತ್ತೇನೆ ಎಂದು ಹೇಳಿ ನೋಡು.

ನಾನು: ಹಾಕಿರುವ ಚಿತ್ರಗಳನ್ನು ಹಿಗ್ಗಿಸಿ ನೋಡಿದೆ. ಸೀಟಿಗೆ ಹೊಸ ಕವರ್, ಸ್ಟೀರಿಂಗ್‌ಗೂ ಹೊಸ ಕವರ್. ಆದರೆ ಬ್ರೇಕ್ ಪೆಡಲಿನ ರಬ್ಬರನ್ನು ಬದಲಿಸಲು ಮರೆತಿದ್ದಾರೆ. ಅದರ ಒಂದು ಅಂಚು ಸವೆದು ಕಬ್ಬಿಣ ಕಾಣುತ್ತಿದೆ. ವರ್ಷಕ್ಕೆ ಐದು ಸಾವಿರ ಕಿ.ಮೀ. ಕೂಡ ಓಡದ ಕಾರಿನ ಪೆಡಲ್ ಹೀಗಿರುವುದಿಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸುವುದು ಈಗ ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸ, ಆದ್ದರಿಂದ ಮೀಟರನ್ನು ನಂಬುವುದಕ್ಕಿಂತ ಕಂಪನಿಯ ಸರ್ವಿಸ್ ದಾಖಲೆಯಲ್ಲಿ ಪ್ರತಿ ಸಲ ಬರೆದ ಕಿಲೋಮೀಟರನ್ನು ನೋಡುವುದೇ ಸರಿ. ಆ ದಾಖಲೆಯನ್ನು ಹುಡುಕಲು ನೋಂದಣಿ ಸಂಖ್ಯೆಯನ್ನೂ ಕಾರಿನ ಮೈಮೇಲೆ ಕೊರೆದಿರುವ ಚಾಸಿ ಸಂಖ್ಯೆಯನ್ನೂ ಕೇಳು.

ತಮ್ಮ: ಅಕ್ಕ, ಕೇಳುತ್ತೇನೆ. ಆದರೆ ಡಿಸೈರ್‌ನಲ್ಲಿ ಎರಡು ಏರ್‌ಬ್ಯಾಗ್ ಇವೆ, ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಇದೆ. ಆ ವ್ಯಾಗನ್‌ಆರ್‌ನಲ್ಲಿ ಎರಡೂ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಮಗು ಕುಳಿತಿರುತ್ತಾರೆ.

ಶಿವಮೊಗ್ಗ ಮಾವ: ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ನೀನು ಸರಿಯಾಗಿಯೇ ಯೋಚಿಸಿದ್ದೀಯ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈನಿಂದ, ಅಷ್ಟು ಹೊಸ ಕಾರು ನಮ್ಮ ಹಣಕ್ಕೆ ಸಿಗುವುದು ಕಷ್ಟ. ಎಬಿಎಸ್ ಇರುವ ಪೆಟ್ರೋಲ್ ಕಾರನ್ನೇ ಇನ್ನೊಂದು ತಿಂಗಳು ಹುಡುಕೋಣ ಎಂದರೆ ನಾನೂ ಬರುತ್ತೇನೆ. ಡೀಸೆಲ್ ಮಾತ್ರ ಬೇಡ. ನೀನು ತಿಂಗಳಿಗೆ ಓಡಿಸುವುದು ಹೆಚ್ಚೆಂದರೆ 600 ಕಿ.ಮೀ. ಪೆಟ್ರೋಲ್ ಕಾರು ಲೀಟರಿಗೆ 18, ಡೀಸೆಲ್ 22 ಕೊಡುತ್ತದೆ ಎಂದೂ, ಬೆಲೆ 103 ಮತ್ತು 91 ರೂಪಾಯಿ ಎಂದೂ ಹಿಡಿದರೆ, ನಿನಗೆ ಉಳಿಯುವುದು ತಿಂಗಳಿಗೆ ಒಂಬೈನೂರೈವತ್ತು ರೂಪಾಯಿ. ಹತ್ತು ವರ್ಷದ ಡೀಸೆಲ್ ಇಂಜಿನ್ನಿನ ಇಂಜೆಕ್ಟರೋ ಟರ್ಬೋ ಒಮ್ಮೆ ಕೈಕೊಟ್ಟರೆ ಎರಡು ಮೂರು ವರ್ಷದ ಉಳಿತಾಯ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ.

ಚಿಕ್ಕಪ್ಪ: ಪೆಡಲಿನ ಚಿತ್ರವನ್ನು ನಾನೂ ಈಗ ನೋಡಿದೆ. ಮಾತು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಭಾನುವಾರ ಮುಂಗಡ ಕೊಡಬೇಡ.

ತಮ್ಮ: ಚಾಸಿ ಸಂಖ್ಯೆ ಕೇಳಿ ಡೀಲರ್‌ಗೆ ಮೆಸೇಜು ಹಾಕಿ ಮೂರು ಗಂಟೆಯಾಯಿತು. ನೀಲಿ ಗೆರೆ ಬಿದ್ದಿದೆ, ಉತ್ತರ ಬಂದಿಲ್ಲ. ವ್ಯಾಗನ್‌ಆರ್ ಮಾಲೀಕರು ಮಾತ್ರ ಒಂಬತ್ತು ವರ್ಷದ ಸರ್ವಿಸ್ ಬಿಲ್ಲುಗಳನ್ನು ಚಿತ್ರ ತೆಗೆದು ಕಳಿಸಿದ್ದಾರೆ. ಶನಿವಾರ ಅದನ್ನು ಇನ್ನೊಮ್ಮೆ ನೋಡಲು ಹೋಗೋಣವೇ, ಮಾವ?

ಶಿವಮೊಗ್ಗ ಮಾವ: ಬೆಳಿಗ್ಗೆ ಏಳಕ್ಕೆ ಬರುತ್ತೇನೆಂದು ತಿಳಿಸು. ನಾವು ಹೋಗುವ ಮೊದಲು ಇಂಜಿನ್ ಚಾಲೂ ಮಾಡಿ ಬೆಚ್ಚಗಿಡಬೇಡಿ ಎಂದೂ ಹೇಳು. ರಾತ್ರಿಯಿಡೀ ತಣ್ಣಗೆ ನಿಂತ ಕಾರು ಹೇಗೆ ಚಾಲೂ ಆಗುತ್ತದೆ, ಎಂಥ ಹೊಗೆ ಬಿಡುತ್ತದೆ ಎಂಬುದನ್ನು ನಾನೇ ನೋಡಬೇಕು.