ಅಡುಗೆಮನೆಯ ಗೋಡೆ ಎರಡನೇ ಬಾರಿ ಬಿರಿದಿದೆ: ದಾವಣಗೆರೆಯ ಹೊಸ ಮನೆ, ದಯವಿಟ್ಟು ಸಲಹೆ ಕೊಡಿ

ಹೊಸಮನೆ (2025 ಮಾರ್ಚ್ 9)
ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಹೊರವಲಯದಲ್ಲಿರುವ ನಮ್ಮ ಸ್ವಂತ ನಿವೇಶನದಲ್ಲಿ ಗುತ್ತಿಗೆದಾರರೊಬ್ಬರಿಗೆ ವಹಿಸಿ ಕಟ್ಟಿಸಿದ ಮನೆಯ ಗೃಹಪ್ರವೇಶ 2023ರ ಮೇ ತಿಂಗಳಲ್ಲಿ ಆಯಿತು. ವರ್ಷ ತುಂಬುವ ಮೊದಲೇ, 2024ರ ಫೆಬ್ರುವರಿಯಲ್ಲಿ, ಅಡುಗೆಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಬಿರುಕು ಹೊರಟಿತು. ಏಪ್ರಿಲ್‌ನಲ್ಲಿ ಗುತ್ತಿಗೆದಾರರು ಮೇಸ್ತ್ರಿಯನ್ನು ಕಳುಹಿಸಿ ಸಿಮೆಂಟ್ ಗಾರೆ ತುಂಬಿಸಿದರು. ಆಗಸ್ಟ್‌ನಲ್ಲಿ ಅದೇ ಜಾಗದ ಪ್ಲಾಸ್ಟರ್ ಉಬ್ಬಿ ಉದುರಿತು. ಈಗ ಮತ್ತೆ ಉಗುರು ಹೋಗುವಷ್ಟು ಬಿರಿದಿದೆ. ಚಾವಣಿಯ ಕೆಳಗೂ ಉದ್ದಕ್ಕೆ ಒಂದು ಸಣ್ಣ ಗೆರೆ ಕಾಣುತ್ತಿದೆ. ಹೊಸ ಮನೆ ಎಂದ ಮೇಲೆ ಬಿರುಕು ಇದ್ದದ್ದೇ ಎಂದು ಗುತ್ತಿಗೆದಾರರು ಹೇಳುತ್ತಿದ್ದಾರೆ. 22 ವರ್ಷದ ಉಳಿತಾಯವನ್ನೆಲ್ಲ ಹಾಕಿದ ಮನೆ ಇದು. ಆ ಗೋಡೆಯನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏನು ತುಂಬಿದರೆ ಮತ್ತೆ ಬಿರಿಯುವುದಿಲ್ಲ, ತಿಳಿಸಿ.

ಗಾರೆಕೆಲಸ (ಮಾರ್ಚ್ 9)
ಸರ್, ಇದು ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು) ದೋಷ. ಕಲ್ಲುಪುಡಿ ಹೆಚ್ಚಿದ್ದರೆ ಗಾರೆ ಹೆಚ್ಚು ನೀರು ಕುಡಿಯುತ್ತದೆ, ಆ ನೀರು ಆರಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಪ್ಲಾಸ್ಟರ್ ಮಾಡಿಸಿ ಸರಿಯಾಗಿ ನೀರು ಹಾಕದಿದ್ದರೆ ಕೇಳುವುದೇ ಬೇಡ. ಹಳೆಯ ಪ್ಲಾಸ್ಟರ್ ಕಿತ್ತು, ಕೋಳಿ ಜಾಲರಿ ಬಡಿದು, ಹೊಳೆ ಮರಳಿನಲ್ಲಿ ಹೊಸದಾಗಿ ಮಾಡಿಸಿ.

ಕೋಟೆಬಾಗಿಲು (ಮಾರ್ಚ್ 10)
ಎಲ್ಲದಕ್ಕೂ ಎಂ-ಸ್ಯಾಂಡನ್ನು ದೂರುವುದು ಸರಿಯಲ್ಲ. ಚಿತ್ರದುರ್ಗದಲ್ಲಿ ನನ್ನ ಮನೆ ಪೂರ್ತಿ ಎಂ-ಸ್ಯಾಂಡ್‌ನಲ್ಲೇ ಎದ್ದಿದೆ. 6 ವರ್ಷವಾದರೂ ಕೂದಲೆಳೆಯಷ್ಟು ಬಿರುಕಿಲ್ಲ. ಎರಡು ಅಡಿ ಅಗೆಯುವುದರೊಳಗೆ ಬಂಡೆ ಸಿಕ್ಕಿತು, ಅದರ ಮೇಲೆಯೇ ಸೈಜುಗಲ್ಲಿನ ತಳಪಾಯ ಕೂರಿಸಿ, ಸುತ್ತಲೂ ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ತೊಲೆ) ಓಡಿಸಿ, ಕಂಬಗಳಿಗೆ 16 ಮಿಲಿಮೀಟರ್ ಕಬ್ಬಿಣ ಹಾಕಿಸಿದ್ದೇನೆ.

ಗಾರೆಕೆಲಸ (ಮಾರ್ಚ್ 10)
ತೊಳೆದ ಎಂ-ಸ್ಯಾಂಡ್ ಬೇರೆ, ಕ್ರಷರ್ ಪುಡಿ ಬೇರೆ. ನಿಮಗೆ ಒಳ್ಳೆಯದು ಸಿಕ್ಕಿರಬಹುದು, ಎಲ್ಲರಿಗೂ ಸಿಗುವುದಿಲ್ಲ. ಕ್ಯೂರಿಂಗ್ ಎಷ್ಟು ದಿನ ಮಾಡಿದರು ಎಂಬುದನ್ನು ಮೊದಲು ಹೇಳಲಿ.

ಹೊಸಮನೆ (ಮಾರ್ಚ್ 10)
14 ದಿನ ನಾನೇ ನಿಂತು ಬೆಳಿಗ್ಗೆ ಸಂಜೆ ನೀರು ಹಾಕಿಸಿದ್ದೇನೆ. ದಯವಿಟ್ಟು ಮರಳಿನ ಚರ್ಚೆ ಬಿಟ್ಟು ನನ್ನ ಗೋಡೆಗೆ ದಾರಿ ತೋರಿಸಿ.

ಎರೆನೆಲ (ಮಾರ್ಚ್ 11)
ಪ್ಲಾಸ್ಟರ್ ಕುಗ್ಗಿದರೆ ಬಿರುಕು ಬಲೆಯಂತೆ ಹರಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯನ್ನೇ ಸೀಳುವುದಿಲ್ಲ. ಬಿರುಕು ಹೊರಗಿನಿಂದಲೂ ಕಾಣುತ್ತದೆಯೇ, ಅದರ ಬಾಯಿ ಮೇಲೆ ಅಗಲವೋ ಕೆಳಗೆ ಅಗಲವೋ, ಮಳೆಗಾಲದಲ್ಲಿ ಅದು ಮುಚ್ಚಿಕೊಳ್ಳುತ್ತದೆಯೇ, ತಳಪಾಯ ಯಾವ ಬಗೆಯದು, ಆ ಮೂಲೆಯ ಹತ್ತಿರ ಮರವಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮಣ್ಣು ಯಾವುದೆಂದು ತಾವು ಬರೆದೇ ಇಲ್ಲ.

ಹೊಸಮನೆ (ಮಾರ್ಚ್ 12)
ಮಣ್ಣು ಎರೆಮಣ್ಣೇ, ನಮ್ಮ ಕಡೆ ಎಂದ ಮೇಲೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಬಡಾವಣೆ ಆಗುವ ಮೊದಲು ಅದು ಭದ್ರಾ ನಾಲೆಯ ನೀರಿನ ಭತ್ತದ ಗದ್ದೆ. ಕಂಬಗಳಿಲ್ಲ, ನಾಲ್ಕು ಅಡಿ ಆಳದ ಸೈಜುಗಲ್ಲಿನ ಪಾಯದ ಮೇಲೆ ನೇರವಾಗಿ ಗೋಡೆ ಎದ್ದಿದೆ. ಮಣ್ಣಿನ ಪರೀಕ್ಷೆ ಮಾಡಿಸಿಲ್ಲ. ಬಿರುಕು ಹೊರಗೂ ಇದೆ, ಬಾಯಿ ಮೇಲೆಯೇ ಅಗಲ. ಮಳೆಗಾಲದಲ್ಲಿ ಅದು ಬಹುತೇಕ ಮುಚ್ಚಿಹೋಗಿತ್ತು, ಅಡುಗೆಮನೆಯ ಹಿಂಬಾಗಿಲು ಮಾತ್ರ ಹಿಡಿದುಕೊಳ್ಳುತ್ತಿತ್ತು. ಪಕ್ಕದ ಖಾಲಿ ನಿವೇಶನದಲ್ಲಿ, ಹಳೆಯ ಬದುವಿನ ಮೇಲೆ, ನಮ್ಮ ಆ ಮೂಲೆಯಿಂದ ಸುಮಾರು 12 ಅಡಿ ದೂರಕ್ಕೆ ದೊಡ್ಡ ಬೇವಿನ ಮರವಿದೆ.

ಎರೆನೆಲ (ಮಾರ್ಚ್ 12)
ಇದನ್ನು ಮೊದಲೇ ಬರೆದಿದ್ದರೆ ಮೂರು ದಿನ ಉಳಿಯುತ್ತಿತ್ತು. ಎರೆಮಣ್ಣು ನೀರುಂಡಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಬೇವಿನ ಬೇರುಗಳು ಆ ಮೂಲೆಯ ಕೆಳಗಿನ ತೇವವನ್ನು ಎಳೆದುಕೊಳ್ಳುವುದರಿಂದ ಮಣ್ಣು ಅಲ್ಲಿ ಹೆಚ್ಚು ಕುಗ್ಗುತ್ತದೆ. ಮನೆಯ ನಡುಭಾಗ ಇದ್ದಲ್ಲೇ ಇದ್ದು ಮೂಲೆ ಮಾತ್ರ ಕುಸಿಯುವಾಗ ಗೋಡೆ ಮೇಲಿನಿಂದ ಬಾಯಿಬಿಡುತ್ತದೆ. ಮಳೆಗಾಲದಲ್ಲಿ ಮಣ್ಣು ಮತ್ತೆ ಉಬ್ಬಿ ಮೂಲೆಯನ್ನು ಎತ್ತುತ್ತದೆ. ಏಪ್ರಿಲ್‌ನಲ್ಲಿ, ಅಂದರೆ ಬಿರುಕು ತುಂಬಾ ಅಗಲವಾಗಿದ್ದಾಗ, ಗಟ್ಟಿ ಗಾರೆ ತುಂಬಿದ್ದರಿಂದ ಆಗಸ್ಟ್‌ನಲ್ಲಿ ಗೋಡೆಗೆ ಮುಚ್ಚಿಕೊಳ್ಳಲು ಜಾಗವಿಲ್ಲದೆ ಪ್ಲಾಸ್ಟರ್ ಒತ್ತಡಕ್ಕೆ ಸಿಕ್ಕಿ ಉದುರಿತು. ಇಂಥ ನೆಲದಲ್ಲಿ ಬುಡ ಗಡ್ಡೆಯಂತೆ ಅಗಲವಾಗುವ ಅಂಡರ್ ರೀಮ್ಡ್ ಪೈಲ್‌ಗಳನ್ನು (ನೆಲದೊಳಗಿನ ಕಾಂಕ್ರೀಟ್ ಕಂಬಗಳನ್ನು) ಸುಮಾರು 3.5 ಮೀಟರ್ ಆಳಕ್ಕೆ ಇಳಿಸುವುದು ವಾಡಿಕೆ, ಏಕೆಂದರೆ ಹವಾಮಾನದ ಹಸಿ ಒಣ ಅಷ್ಟು ಆಳಕ್ಕೆ ಹೆಚ್ಚಾಗಿ ತಟ್ಟುವುದಿಲ್ಲ. ಚಾವಣಿಯ ಕೆಳಗಿನ ಗೆರೆ ಬೇರೆ ವಿಷಯ: ಬಿಸಿಲಿಗೆ ಸ್ಲ್ಯಾಬ್ ಹಿಗ್ಗಿ ಬೀಳುವ ಗೆರೆ ಅದು, ಮೇಲೆ ಬಿಳಿ ತಂಪುಬಣ್ಣ ಹಚ್ಚಿದರೆ ಕಡಿಮೆಯಾಗುತ್ತದೆ.

ಈಗ ಎರಡು ಕೆಲಸ ಮಾಡಿ. ಐದು ಅಡಿ ಆಳದ ಮಣ್ಣನ್ನು ಸಿವಿಲ್ ವಿಭಾಗವಿರುವ ಕಾಲೇಜಿನ ಪ್ರಯೋಗಾಲಯಕ್ಕೆ ಕೊಟ್ಟು ಮುಕ್ತ ಹಿಗ್ಗುವಿಕೆ ಪರೀಕ್ಷೆ ಮಾಡಿಸಿ: 10 ಗ್ರಾಂ ಮಣ್ಣನ್ನು ನೀರಿನಲ್ಲೂ ಸೀಮೆಎಣ್ಣೆಯಲ್ಲೂ ಬೇರೆ ಬೇರೆ ಬಿಟ್ಟು, 24 ಗಂಟೆಗಳ ನಂತರ ಎರಡರ ಗಾತ್ರ ಹೋಲಿಸುತ್ತಾರೆ. ಸೀಮೆಎಣ್ಣೆಯಲ್ಲಿದ್ದ ಗಾತ್ರಕ್ಕಿಂತ ನೀರಿನಲ್ಲಿನ ಗಾತ್ರ 50 ಪ್ರತಿಶತಕ್ಕೂ ಹೆಚ್ಚು ದೊಡ್ಡದಾದರೆ ಅದು ಅತಿ ಹೆಚ್ಚು ಹಿಗ್ಗುವ ಮಣ್ಣು. ಜೊತೆಗೆ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿ, ದಿನಾಂಕ ಬರೆದಿಡಿ; ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

ಗಾರೆಕೆಲಸ (ಮಾರ್ಚ್ 13)
ಮಣ್ಣಿನ ಮಾತು ಒಪ್ಪಿದೆ, ಆದರೂ ಗಾರೆ ಚೆನ್ನಾಗಿದ್ದರೆ ಇಷ್ಟು ಬಿರಿಯುತ್ತಿರಲಿಲ್ಲ. ಮರವೇ ಕಾರಣವಾದರೆ ಕಡಿಸಿಬಿಡಿ.

ಎರೆನೆಲ (ಮಾರ್ಚ್ 13)
ಅವಸರದಲ್ಲಿ ಕಡಿಸಬೇಡಿ. ಮರ ಹೋದರೆ, ವರ್ಷಗಳಿಂದ ಒಣಗಿದ್ದ ಮಣ್ಣು ನಿಧಾನವಾಗಿ ನೀರುಂಡು ಉಬ್ಬಿ, ಆ ಮೂಲೆಯನ್ನು ಮೇಲಕ್ಕೆ ಒತ್ತಬಹುದು. ಮರಕ್ಕೂ ಗೋಡೆಗೂ ನಡುವೆ ಕಾಲುವೆ ತೋಡಿ ಬೇರು ತಡೆ (ಬೇರು ದಾಟದಂತೆ ನೆಲದೊಳಗಿನ ಅಡ್ಡಗೋಡೆ) ಹಾಕುವುದು ಮೇಲು. ಮನೆಯ ಸುತ್ತ ಹೊರಕ್ಕೆ ಇಳಿಜಾರಾದ, ಕನಿಷ್ಠ 5 ಅಡಿ ಅಗಲದ, ನೀರು ಇಂಗದ ಪಟ್ಟಿ ಮಾಡಿಸಿ, ಚಾವಣಿಯ ನೀರಿನ ಪೈಪನ್ನು ಅದರಾಚೆಗೆ ಒಯ್ಯಿರಿ. ಬಿರುಕಿಗೆ ಗಾರೆ ಬೇಡ, ಎಳೆದರೆ ಹಿಗ್ಗುವ ಸೀಲಂಟ್ ಬೇಕು. ಪಾಯವನ್ನು ಬಲಪಡಿಸುವ ಮಾತನ್ನು ಸ್ಟ್ರಕ್ಚರಲ್ ಇಂಜಿನಿಯರ್ ಕಣ್ಣಾರೆ ನೋಡಿ ಹೇಳಬೇಕು.

ಕೋಟೆಬಾಗಿಲು (ಮಾರ್ಚ್ 14)
ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ದೂರು ಕೊಡಿ. ಕಟ್ಟಡದ ದೋಷಕ್ಕೆ 5 ವರ್ಷದ ಹೊಣೆ ಕಾನೂನಿನಲ್ಲೇ ಇದೆ.

ಹೊಳೆಸಾಲು (ಮಾರ್ಚ್ 14)
ಆ ಹೊಣೆ ಮನೆ ಕಟ್ಟಿ ಮಾರುವ ಪ್ರವರ್ತಕರದು. ಇವರು ಸ್ವಂತ ನಿವೇಶನದಲ್ಲಿ ಗುತ್ತಿಗೆಗೆ ಕೊಟ್ಟು ಕಟ್ಟಿಸಿದ್ದಾರೆ. ಆದ್ದರಿಂದ ಇದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿ ಸೇವೆಯ ಕೊರತೆಯಾಗುತ್ತದೆ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಬೇಕು. ಮೊದಲ ಬಿರುಕು ಕಂಡದ್ದು 2024ರ ಫೆಬ್ರುವರಿ ಎಂಬುದನ್ನು ಮರೆಯಬೇಡಿ. ಕರಾರು ಪತ್ರ, ಹಣ ಕೊಟ್ಟ ರಸೀದಿ, ದಿನಾಂಕವಿರುವ ಚಿತ್ರಗಳು, ಇಂಜಿನಿಯರ್ ವರದಿ ಇಷ್ಟನ್ನು ಜೋಡಿಸಿಕೊಂಡು, ಮೊದಲು ಲಿಖಿತ ನೋಟಿಸ್ ಕೊಡಿ.

ಹೊಸಮನೆ (ಏಪ್ರಿಲ್ 20)
ಪರೀಕ್ಷೆಯ ವರದಿ ಬಂದಿದೆ: ಸೀಮೆಎಣ್ಣೆಯಲ್ಲಿ 11 ಮಿಲಿಲೀಟರ್, ನೀರಿನಲ್ಲಿ 20, ಅಂದರೆ ಸುಮಾರು 82 ಪ್ರತಿಶತ. ಮೂರು ಕಡೆ ಅಂಟಿಸಿದ ಗಾಜಿನಲ್ಲಿ ಅಡುಗೆಮನೆಯದು ಮಾತ್ರ 19ನೇ ದಿನ ಒಡೆಯಿತು. ಗುತ್ತಿಗೆದಾರರಿಗೆ ನೋಟಿಸ್ ಕಳುಹಿಸಿದ್ದೇನೆ, ಇಂಜಿನಿಯರ್ ಮುಂದಿನ ವಾರ ಬರುತ್ತಾರೆ. ಬೇವಿನ ಮರವಿರುವ ನಿವೇಶನದ ಮಾಲೀಕರು ತಮ್ಮ ಕಡೆಯೂ ಅಗೆಯಲು ಒಪ್ಪಿದ್ದಾರೆ. ಬೇರು ತಡೆಯ ಕಾಲುವೆಯನ್ನು ಗೋಡೆಯಿಂದ ಎಷ್ಟು ದೂರದಲ್ಲಿ, ಎಷ್ಟು ಆಳಕ್ಕೆ ತೋಡಬೇಕು? ಮುಂಗಾರಿಗೆ ಮೊದಲೇ ಅದನ್ನು ಮುಗಿಸಬೇಕೆಂದಿದ್ದೇನೆ.